ಮಲ್ಪೆಗೆ ಹೋದ ಸ್ಟೀಲು ಜರಡಿಯಾಗಿ ವಾಪಸ್ ಬಂದರೆ: ಸಮುದ್ರದ ಎರಕಗಳ ದೋಷ ಹುಡುಕುವ ಕೈಪಿಡಿ

"ಎಂತ ಮಾರಾಯ್ರೆ, ಸ್ಟೀಲು ಅಂತ ಕೊಟ್ರಿ, ಇದು ಜರಡಿ ಆಗಿದೆಯಲ್ಲ!"

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಮಲ್ಪೆಯ ಬೋಟು ಮಾಲೀಕರೊಬ್ಬರು ಇಷ್ಟೇ ಹೇಳಿ ಫೋನ್ ಇಟ್ಟರು. ಮರುದಿನ ಸಂಜೆ ಆಗುಂಬೆ ಘಾಟಿ ಹತ್ತಿ ಬಂದ ಬಸ್ಸಿನ ಡಿಕ್ಕಿಯಲ್ಲಿ, ಗೋಣಿಚೀಲದಲ್ಲಿ ಸುತ್ತಿದ ಪಂಪಿನ ಇಂಪೆಲ್ಲರ್, ಅಂದರೆ ಒಳಗೆ ತಿರುಗಿ ನೀರು ತಳ್ಳುವ ರೆಕ್ಕೆಚಕ್ರ, ಶಿವಮೊಗ್ಗಕ್ಕೆ ಬಂತು. ಮಾಚೇನಹಳ್ಳಿಯ ನಮ್ಮ ಶೆಡ್ಡಿನಲ್ಲೇ ಎರಕ ಹೊಯ್ದು, ಪಾಲಿಶ್ ಹಿಡಿದು, ಕೆಮಿಕಲ್ ರಿಪೋರ್ಟ್ ಜೊತೆಗಿಟ್ಟು ಮಾರ್ಚ್‌ನಲ್ಲಿ ಕಳಿಸಿದ್ದ ಮಾಲು. ರೆಕ್ಕೆಗಳೆಲ್ಲ ಇನ್ನೂ ಹೊಳೆಯುತ್ತಿದ್ದವು. ಶಾಫ್ಟ್ ಕೂರುವ ನಡುವಿನ ದಪ್ಪ ಭಾಗದಲ್ಲಿ, ಅಂದರೆ ಹಬ್‌ನಲ್ಲಿ, ಸೂಜಿ ಮೊನೆಯಷ್ಟು ಹತ್ತಾರು ತೂತು. ಒಂದಕ್ಕೆ ಗುಂಡುಸೂಜಿ ಚುಚ್ಚಿ ನೋಡಿದೆ. ತಲೆಯವರೆಗೂ ಒಳಗೆ ಹೋಯಿತು.

ನಮ್ಮ ಜಿಲ್ಲೆಗೆ ಕಬ್ಬಿಣ ಹೊಸದಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಹರಿಯಲು ಶುರುವಾಗಿ ನೂರು ವರ್ಷ ದಾಟಿತು. ಆದರೆ ನಮಗೆ ಗೊತ್ತಿರುವುದು ಮಳೆಯ ತುಕ್ಕು. ಗೇಟು, ಜಂತಿ, ನೇಗಿಲ ಗುಳ, ಎಲ್ಲ ಮೈತುಂಬ ಒಂದೇ ಸಮ ಕೆಂಪಾಗಿ ನಿಧಾನ ಸವೆಯುತ್ತವೆ. ಸಮುದ್ರ ಸ್ಟೇನ್‌ಲೆಸ್ ಸ್ಟೀಲನ್ನು ಹಾಗೆ ತಿನ್ನುವುದಿಲ್ಲ. ಕಾಫಿ ಗಿಡದ ಕಾಂಡಕೊರಕದ ಹಾಗೆ ಕೆಲಸ ಮಾಡುತ್ತದೆ. ಹೊರಗೆ ಎಲ್ಲ ಚೆಂದ, ಒಳಗೆ ಸುರಂಗ.

ಇಂಥ ಚೀಲ ಬಂದಾಗ ಎಲ್ಲರೂ ಮೊದಲು ಹೇಳುವುದು "ಇನ್ನೂ ದುಬಾರಿ ಗ್ರೇಡ್ ಹಾಕಿ" ಅಂತ. ನಾನೂ ಹಾಗೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಕೊಟ್ಟ ಗ್ರೇಡ್ ಅದರ ಪೂರ್ತಿ ಕೆಲಸ ಮಾಡಿದೆಯಾ ಅನ್ನುವುದನ್ನು ಮೊದಲು ನೋಡಬೇಕು. ಫೌಂಡ್ರಿ ನಡೆಸುವವರಿಗೆ, ಬೋಟಿನ ಪಂಪು ರಿಪೇರಿ ಮಾಡುವವರಿಗೆ ನಾವು ಹುಡುಕಿದ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ತೊಳೆಯಬೇಡಿ

ಮಾಲು ಬಂದ ಕೂಡಲೇ ಹುಡುಗರು ವೈರ್ ಬ್ರಶ್ ಹಿಡಿದು ಓಡಿ ಬರುತ್ತಾರೆ. ತಡೆಯಿರಿ. ಕೊಳೆಯಲ್ಲೇ ಅರ್ಧ ಉತ್ತರ ಇರುತ್ತದೆ. ಇದ್ದ ಹಾಗೇ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಮೂಸಿ ನೋಡಿ. ಕೊಳೆತ ಮೊಟ್ಟೆ ವಾಸನೆ ಇದ್ದರೆ ನೀರು ನಿಂತು ಗಾಳಿಯಿಲ್ಲದೆ ಬ್ಯಾಕ್ಟೀರಿಯಾ ಬೆಳೆದಿವೆ ಅಂತ ಅರ್ಥ. ಆ ಸಲ್ಫೈಡು ಸ್ಟೀಲಿಗೂ ಕೆಟ್ಟದು, ತಾಮ್ರದ ಮಿಶ್ರಲೋಹಕ್ಕೂ ಕೆಟ್ಟದು.

ತೂತು ಎಲ್ಲಿದೆ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಬಯಲು ಮೈಮೇಲೆ ಅಲ್ಲಲ್ಲಿ ಚುಕ್ಕಿ ಚುಕ್ಕಿಯಾಗಿದ್ದರೆ ಗ್ರೇಡ್ ಮೇಲೋ, ಮೇಲ್ಮೈ ಮೇಲೋ ಅನುಮಾನ ಪಡಿ. ಗ್ಯಾಸ್ಕೆಟ್ ಅಡಿ, ಬೋಲ್ಟ್ ತಲೆಯ ಕೆಳಗೆ, ಅಂಟಿಕೊಂಡ ಚಿಪ್ಪಿನ ಅಡಿ ಮಾತ್ರ ತಿಂದಿದ್ದರೆ ಅದು ಸಂದಿಯ ಕಾಯಿಲೆ. ವೆಲ್ಡಿಂಗ್ ಪಕ್ಕದಲ್ಲಿ ಗೆರೆ ಎಳೆದ ಹಾಗಿದ್ದರೆ, ಇಲ್ಲಾ ನಮ್ಮ ಇಂಪೆಲ್ಲರಿನಂತೆ ದಪ್ಪ ಭಾಗದಲ್ಲಿ ಮಾತ್ರ ಇದ್ದರೆ, ಬಿಸಿ ಮಾಡಿದ್ದರಲ್ಲೋ ತಣಿಸಿದ್ದರಲ್ಲೋ ಎಡವಟ್ಟಾಗಿದೆ. ಇನ್ನೊಂದು ಲೋಹಕ್ಕೆ ತಾಗುವ ಅಂಚು ಮಾತ್ರ ಕರಗಿದ್ದರೆ ಆ ಪಕ್ಕದ ಲೋಹವನ್ನು ಹಿಡಿಯಿರಿ.

ಬೋಟು ಏನು ಮಾಡುತ್ತಿತ್ತು?

ಫೋನ್ ಮಾಡಿ ಇದನ್ನೊಂದು ಕೇಳಲೇಬೇಕು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳ ಮೀನುಗಾರಿಕೆ ನಿಷೇಧ. ಬೋಟು ದಡಕ್ಕೆ ಬಂದು ಕಟ್ಟಿಕೊಳ್ಳುತ್ತದೆ. ಪಂಪಿನ ಹೊಟ್ಟೆಯಲ್ಲಿ ಉಪ್ಪುನೀರು ಹಾಗೇ ಉಳಿಯುತ್ತದೆ. ಎರಡು ತಿಂಗಳು.

ಸ್ಟೇನ್‌ಲೆಸ್ ಸ್ಟೀಲಿಗೆ ಇದಕ್ಕಿಂತ ಕೆಟ್ಟ ಶಿಕ್ಷೆ ಇಲ್ಲ. ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ಒಂದು ಪೊರೆ ಇರುತ್ತದೆ, ಕೆಲವೇ ನ್ಯಾನೋಮೀಟರ್ ದಪ್ಪ. ಗೀರು ಬಿದ್ದರೆ ನೀರಿನಲ್ಲಿರುವ ಆಮ್ಲಜನಕ ತೆಗೆದುಕೊಂಡು ತಾನೇ ಮುಚ್ಚಿಕೊಳ್ಳುತ್ತದೆ. ನೀರು ಹರಿಯುತ್ತಿದ್ದರೆ ಆಮ್ಲಜನಕ ಬರುತ್ತಲೇ ಇರುತ್ತದೆ. ನಿಂತರೆ ಕೆಸರು ಕೂರುತ್ತದೆ, ಅದರಡಿ ಆಮ್ಲಜನಕ ಮುಗಿಯುತ್ತದೆ, ಪೊರೆ ಸೋಲುತ್ತದೆ. ಗುಂಡಿ ಒಮ್ಮೆ ಬಿತ್ತೋ, ಅದರೊಳಗೆ ಕ್ಲೋರೈಡ್ ಸೇರಿ ನೀರು ಹುಳಿಯಾಗಿ, ಗುಂಡಿ ತನ್ನನ್ನು ತಾನೇ ತೋಡಿಕೊಳ್ಳುತ್ತಾ ಹೋಗುತ್ತದೆ. ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು, ಅದರಲ್ಲಿ ಕ್ಲೋರೈಡೇ 19 ಗ್ರಾಂ. ಗುಂಡಿಗೆ ಮೇವಿಗೆ ಬರವಿಲ್ಲ.

ತಮಾಷೆ ಅಂದರೆ ಕಂಚಿಗೆ ಇದು ಉಲ್ಟಾ. ನಿಂತ ನೀರಿನಲ್ಲಿ, ಅದು ಕೊಳೆತಿರದಿದ್ದರೆ, ಆರಾಮಾಗಿ ಕೂರುತ್ತದೆ. ನೀರು ರಭಸದಿಂದ ಬಡಿದರೆ ಅದರ ಪೊರೆ ಕಿತ್ತುಹೋಗಿ ಕುದುರೆ ಲಾಳದ ಆಕಾರದ ತಗ್ಗು ಬೀಳುತ್ತವೆ. ಹಾಗಾಗಿ "ನಿಂತಿತ್ತಾ, ಓಡುತ್ತಿತ್ತಾ" ಅಂತ ಕೇಳದೆ ಲೋಹ ಬದಲಾಯಿಸಲು ಹೊರಟರೆ ಒಂದು ಕಾಯಿಲೆಗೆ ಇನ್ನೊಂದರ ಮಾತ್ರೆ ಕೊಟ್ಟ ಹಾಗೆ.

ನಮ್ಮ ಮಾಲೀಕರ ಬೋಟು ಪೂರ್ತಿ 61 ದಿನ ಕಟ್ಟಿತ್ತು. ಪಂಪಿನ ನೀರು ಯಾರೂ ಬಸಿದಿರಲಿಲ್ಲ. ಇದೇ ಕಾರಣ ಅಂತ ಅವರ ತಲೆಗೆ ಕಟ್ಟಿ ನಾನು ಸುಮ್ನೆ ಇರಬಹುದಿತ್ತು. ಆದರೆ ರೆಕ್ಕೆಗಳು ಅದೇ ನೀರಿನಲ್ಲಿ ಅಷ್ಟೇ ದಿನ ಇದ್ದವಲ್ವಾ? ಅವಕ್ಕೇನೂ ಆಗಿರಲಿಲ್ಲ.

ಕಲೆಯೋ, ಗುಂಡಿಯೋ? ಮೈಲುತುತ್ತ ತನ್ನಿ

ಎಷ್ಟೋ ಸಲ "ತುಕ್ಕು ಹಿಡಿದಿದೆ" ಅಂತ ಬರುವ ಮಾಲಿನ ಮೇಲೆ ಇರುವುದು ಚಹಾ ಚೆಲ್ಲಿದಂಥ ಕಂದು ಕಲೆ ಅಷ್ಟೇ. ಒರೆಸಿದರೆ ಹೋಗುತ್ತದೆ, ಅಡಿಯಲ್ಲಿ ಸ್ಟೀಲು ಗಟ್ಟಿಯಾಗಿರುತ್ತದೆ. ಇದರ ಮೂಲ ಬಹುಪಾಲು ನಮ್ಮ ಫೆಟ್ಲಿಂಗ್ ಶೆಡ್ಡೇ, ಅಂದರೆ ಎರಕ ಉಜ್ಜಿ ಸ್ವಚ್ಛ ಮಾಡುವ ಜಾಗ. ಬೆಳಿಗ್ಗೆ ಬೀಡಿನ (ಕಾಸ್ಟ್ ಐರನ್) ಎರಕ ಉಜ್ಜಿದ ಗ್ರೈಂಡಿಂಗ್ ವೀಲಿನಲ್ಲೇ ಮಧ್ಯಾಹ್ನ ಸ್ಟೇನ್‌ಲೆಸ್ ಉಜ್ಜಿದರೆ ಕಬ್ಬಿಣದ ಪುಡಿ ಮೈಗೆ ಒತ್ತಿಕೊಳ್ಳುತ್ತದೆ. ಶಿವಮೊಗ್ಗದಲ್ಲಿ ಕಾಣುವುದಿಲ್ಲ. ಘಾಟಿ ಇಳಿದು ಉಪ್ಪುಗಾಳಿ ತಾಗಿದ ವಾರಕ್ಕೆ ಮೈತುಂಬ ಕಂದು ಚುಕ್ಕಿ. ಇದು ಬರೀ ಅಂದದ ಪ್ರಶ್ನೆಯಲ್ಲ, ಆ ಚುಕ್ಕಿಯ ಅಡಿಯಿಂದಲೇ ಗುಂಡಿ ಶುರುವಾಗಬಹುದು.

ಪತ್ತೆ ಮಾಡಲು ಬೇಕಾದ ವಸ್ತು ಮಲೆನಾಡಿನ ಎಲ್ಲಾ ಅಡಿಕೆ ತೋಟದವರ ಮನೆಯಲ್ಲೂ ಇದೆ. ಕೊಳೆರೋಗಕ್ಕೆ ಔಷಧಿ ಮಾಡುವ ಮೈಲುತುತ್ತ. 250 ಮಿಲಿಲೀಟರ್ ಡಿಸ್ಟಿಲ್ಡ್ ನೀರಿಗೆ 1 ಮಿಲಿಲೀಟರ್ ಸಲ್ಫ್ಯೂರಿಕ್ ಆಸಿಡ್ ಹಾಕಿ, ಅದರಲ್ಲಿ 4 ಗ್ರಾಂ ಮೈಲುತುತ್ತ ಕರಗಿಸಿ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು. ಎಣ್ಣೆ ಜಿಡ್ಡು ತೆಗೆದ ಮೈಮೇಲೆ ಇದನ್ನು ಸವರಿ 6 ನಿಮಿಷ ಒದ್ದೆಯಾಗಿಟ್ಟು ನೋಡಿ. ಕಬ್ಬಿಣದ ಪುಡಿ ಇದ್ದ ಕಡೆ ತಾಮ್ರ ಕೂತು ಕೆಂಪಗೆ ಕಾಣುತ್ತದೆ. ತೋಟಕ್ಕೆ ಸುಣ್ಣ ಬೆರೆಸಿಟ್ಟ ಬೋರ್ಡೋ ದ್ರಾವಣ ಇದಕ್ಕೆ ಆಗದು. ನಮ್ಮ ಹುಡುಗನೊಬ್ಬ ಅದನ್ನೇ ತಂದು ಸವರಿ "ಏನೂ ಇಲ್ಲ ಸಾರ್, ಕ್ಲೀನ್" ಅಂದಿದ್ದ. ಮಾಡಿದ ಮೇಲೆ ಚೆನ್ನಾಗಿ ತೊಳೆಯಿರಿ. ತಾಮ್ರ ಉಳಿದರೆ ಅದೂ ಕೇಡೇ.

ಪರಿಹಾರ ಸುಲಭ. ಸ್ಟೇನ್‌ಲೆಸ್‌ಗೆ ಬೇರೆ ವೀಲು, ಬೇರೆ ಬ್ರಶ್ಶು, ಬೇರೆ ಮೂಲೆ. ಕೊನೆಗೆ ಪ್ಯಾಸಿವೇಶನ್, ಅಂದರೆ ಮೈಮೇಲಿನ ಕಬ್ಬಿಣ ಕರಗಿಸಿ ತೆಗೆದು ಪೊರೆ ಚೆನ್ನಾಗಿ ಕಟ್ಟುವಂತೆ ಮಾಡುವುದು. ಇದಕ್ಕೆ ನಿಂಬೆ ಉಪ್ಪಿನ, ಅಂದರೆ ಸಿಟ್ರಿಕ್ ಆಸಿಡ್ಡಿನ, ಬಿಸಿ ದ್ರಾವಣ ಸಾಕು. ಆದರೆ ಕುಲುಮೆಯ ಕಪ್ಪು ಪೊರೆ ಅದರಲ್ಲಿ ಹೋಗಲ್ಲ. ಅದಕ್ಕೆ ನೈಟ್ರಿಕ್ ಮತ್ತು ಹೈಡ್ರೋಫ್ಲೋರಿಕ್ ಆಸಿಡ್ಡಿನ ಪಿಕ್ಲಿಂಗ್ ಬೇಕು. ಹೈಡ್ರೋಫ್ಲೋರಿಕ್ ಚರ್ಮ ದಾಟಿ ಮೂಳೆಗೆ ಇಳಿಯುತ್ತದೆ. ಅದನ್ನು ಶೆಡ್ಡಿನ ಹಿಂದೆ ಡ್ರಮ್ಮಿನಲ್ಲಿ ಕಲಸುವ ಧೈರ್ಯ ಬೇಡ, ವ್ಯವಸ್ಥೆ ಇರುವವರ ಹತ್ತಿರ ಕೊಡಿ.

ನಮ್ಮ ಇಂಪೆಲ್ಲರಿನ ರೆಕ್ಕೆ ಮೇಲೆ ಎರಡು ಮೂರು ಕೆಂಪು ಚುಕ್ಕಿ ಬಂದವು. ನಾಚಿಕೆಯಾಯಿತು, ಆದರೆ ಹಬ್‌ನ ತೂತಿಗೆ ಅದು ಉತ್ತರವಾಗಿರಲಿಲ್ಲ.

ಮ್ಯಾಗ್ನೆಟ್ಟಿನ ಪಂಚಾಯ್ತಿ

"ಮ್ಯಾಗ್ನೆಟ್ ಹಿಡೀತದೆ, ಡೂಪ್ಲಿಕೇಟ್ ಮಾಲು." ಬಂದರಿನಲ್ಲಿ ಇದೇ ತೀರ್ಪು. ತಗಡು, ರಾಡಿಗೆ ಇದು ಅಷ್ಟಿಷ್ಟು ಸರಿ. ಎರಕಕ್ಕೆ ತಪ್ಪು. 304, 316 ಅಂದರೆ ಸ್ಟೇನ್‌ಲೆಸ್‌ನ ಗ್ರೇಡುಗಳು. 316ರ ಎರಕದ ರೂಪ ಸಿಎಫ್8ಎಂ, ನಮ್ಮ ಇಂಪೆಲ್ಲರೂ ಅದೇ. ಅದರಲ್ಲಿ ಬಿರುಕು ಬಿಡದಿರಲಿ ಅಂತಲೇ ಸ್ವಲ್ಪ ಫೆರೈಟ್, ಅಂದರೆ ಮ್ಯಾಗ್ನೆಟ್ಟಿಗೆ ಅಂಟುವ ಬಗೆಯ ಕಣ, ಉಳಿಸಿರುತ್ತಾರೆ, ಮ್ಯಾಗ್ನೆಟ್ ಮೆಲ್ಲಗೆ ಎಳೆದೇ ಎಳೆಯುತ್ತದೆ. ಸುಮಾರು ಅರ್ಧ ಫೆರೈಟೇ ಇರುವ ಡ್ಯೂಪ್ಲೆಕ್ಸ್ ಸ್ಟೀಲಿಗಂತೂ ಗಟ್ಟಿಯಾಗಿ ಅಂಟುತ್ತದೆ, ಅದು 316ಕ್ಕಿಂತ ಮೇಲಿನದು. ಇನ್ನು ಮ್ಯಾಂಗನೀಸ್ ಹಾಕಿ ಮಾಡಿದ ಅಗ್ಗದ 200 ಸರಣಿಯ ತಗಡಿಗೆ ಮ್ಯಾಗ್ನೆಟ್ ಅಂಟುವುದೇ ಇಲ್ಲ. ಅದನ್ನು ಸಮುದ್ರಕ್ಕೆ ಇಳಿಸಿದರೆ ಮುಗಿಯಿತು ಕತೆ.

ನೋಡಬೇಕಾದ್ದು ಮಾಲಿಬ್ಡಿನಂ. 304ರಲ್ಲಿ ಅದಿಲ್ಲ, 316ರಲ್ಲಿ 2ರಿಂದ 3 ಶೇಕಡ ಇರುತ್ತದೆ. ಹನಿ ಹಾಕಿ ಬ್ಯಾಟರಿ ಮುಟ್ಟಿಸುವ ಕಿಟ್ ಸಿಗುತ್ತದೆ. ಇದೆಯೋ ಇಲ್ಲವೋ ಅನ್ನುವುದನ್ನು ಅದು ಹೇಳುತ್ತದೆ, ಎಷ್ಟಿದೆ ಅನ್ನುವುದಕ್ಕೆ ಸ್ಪೆಕ್ಟ್ರೋ, ಅಂದರೆ ಕಿಡಿ ಹಾರಿಸಿ ಲೋಹದ ಅಂಶ ಅಳೆಯುವ ಯಂತ್ರ, ಬೇಕು.

ರಿಪೋರ್ಟ್ ಬಂದ ಮೇಲೆ ಒಂದು ಸಣ್ಣ ಲೆಕ್ಕ ಮಾಡಿ. ಕ್ರೋಮಿಯಂ ಶೇಕಡ, ಅದಕ್ಕೆ ಮಾಲಿಬ್ಡಿನಂನ 3.3 ಪಟ್ಟು, ಮತ್ತೆ ಸಾರಜನಕದ 16 ಪಟ್ಟು ಕೂಡಿಸಿ. ಇದಕ್ಕೆ ಪಿಆರ್‌ಇ ಅಂತಾರೆ, ಗುಂಡಿ ತಡೆಯುವ ತಾಕತ್ತಿನ ಅಂಕ. 304ಕ್ಕೆ 18ರಿಂದ 20 ಬರುತ್ತದೆ, 316ಕ್ಕೆ 25ರ ಆಸುಪಾಸು, 2205 ಡ್ಯೂಪ್ಲೆಕ್ಸ್‌ಗೆ ಸುಮಾರು 35. ಸಮುದ್ರದ ನೀರಿನಲ್ಲಿ ಸಂದಿಗೊಂದಿ ಸಮೇತ ನೆಮ್ಮದಿಯಾಗಿ ಇರಬೇಕಾದರೆ 40 ದಾಟಬೇಕು ಅನ್ನುವುದು ಈ ಕೆಲಸದವರ ರೂಢಿ. 316ನ್ನು "ಮರೀನ್ ಗ್ರೇಡ್" ಅಂತ ಮಾರುವವರು ಈ ಅಂಕ ಹೇಳಲ್ಲ. ಡೆಕ್ಕಿನ ಮೇಲಿನ ಕಂಬಿಗೆ, ದಿನಾ ಓಡುವ ಪಂಪಿಗೆ ಅದು ಸರಿ. ನಿಂತ ನೀರಿನಲ್ಲಿ ಮುಳುಗಿಸಿಡಲು ಅಲ್ಲ.

ನಮ್ಮ ರಿಪೋರ್ಟಿನ ಅಂಕ 26. ಸಿಎಫ್8ಎಂಗೆ ಬರಬೇಕಾದ್ದೇ.

ರಿಪೋರ್ಟ್ ಸರಿ, ಮಾಲು ತಪ್ಪು

ಇಲ್ಲಿ ನಾವು ಹದಿನೈದು ದಿನ ಸಿಕ್ಕಿಕೊಂಡೆವು.

ಕೆಮಿಕಲ್ ರಿಪೋರ್ಟ್ ಅಡುಗೆಯ ಸಾಮಾನು ಪಟ್ಟಿ ಇದ್ದ ಹಾಗೆ. ಅಕ್ಕಿ ಇಷ್ಟು, ಬೇಳೆ ಇಷ್ಟು ಅಂತ ಹೇಳುತ್ತದೆ, ಅನ್ನ ಬೆಂದಿದೆಯಾ ಅಂತ ಹೇಳಲ್ಲ. ಸಿಎಫ್8ಎಂ ಅಚ್ಚಿನಲ್ಲಿ ನಿಧಾನ ತಣಿಯುವಾಗ, ಸುಮಾರು 850ರಿಂದ 450 ಡಿಗ್ರಿ ನಡುವೆ, ಇಂಗಾಲ ಕ್ರೋಮಿಯಂ ಜೊತೆ ಸೇರಿ ಕಣಗಳ ಗಡಿಯಲ್ಲಿ ಕಾರ್ಬೈಡ್ ಆಗಿ ಕೂರುತ್ತದೆ. ಗಡಿಯ ಪಕ್ಕದ ಪಟ್ಟಿಯಲ್ಲಿ ಕ್ರೋಮಿಯಂ ಖಾಲಿ. ಒಟ್ಟು ಲೆಕ್ಕದಲ್ಲಿ 19 ಶೇಕಡ ಇದ್ದೇ ಇದೆ, ಬೇಕಾದ ಕಡೆ ಇಲ್ಲ. ಸಮುದ್ರ ಆ ಪಟ್ಟಿ ಹಿಡಿದೇ ಒಳಗೆ ಹೋಗುತ್ತದೆ. ಇದನ್ನು ಸರಿಮಾಡಲು ಎರಕವನ್ನು 1040 ಡಿಗ್ರಿಗಿಂತ ಮೇಲೆ ಕಾಯಿಸಿ, ಕಾರ್ಬೈಡ್ ಕರಗುವಷ್ಟು ಹೊತ್ತು ಇಟ್ಟು, ತಟ್ಟನೆ ನೀರಿಗೆ ಮುಳುಗಿಸಬೇಕು. ಸೊಲ್ಯೂಷನ್ ಅನೀಲಿಂಗ್ ಅಂದರೆ ಇದೇ.

ನಾವು ಮಾಡಿದ್ದೆವು. ಚಾರ್ಟ್ ಇತ್ತು. 1080 ಡಿಗ್ರಿ, ಎರಡು ಗಂಟೆ, ಗೆರೆ ನೇರ. ಚಾರ್ಟ್ ಹಿಡಿದುಕೊಂಡು ನಾನು ನಮ್ಮ ಹಿರಿಯ ಮೇಸ್ತ್ರಿಯ ಹತ್ತಿರ ಹೋದೆ. ಭದ್ರಾವತಿಯಲ್ಲಿ ಕುಲುಮೆ ಮುಂದೆ ಆಯುಷ್ಯ ಕಳೆದು ರಿಟೈರ್ ಆದವರು. ಕನ್ನಡಕ ಹಣೆಗೆ ಏರಿಸಿ ನೋಡಿ ಅಂದರು, "ಚಾರ್ಟು ಕುಲುಮೆ ಒಳಗಿನ ಕತೆ ಹೇಳುತ್ತೆ ಕಣಯ್ಯ. ಬಾಗಿಲು ತೆಗೆದ ಮೇಲಿಂದು ಯಾರು ಬರೆದಿದ್ದಾರೆ?"

ಯಾರೂ ಬರೆದಿರಲಿಲ್ಲ. ಮುಂದಿನ ಲೋಡಿಗೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನಿಂತೆ. ಬಾಗಿಲು ಎದ್ದಿತು. ಹಾಯ್ಸ್ಟಿನ ಕೊಕ್ಕೆ ಬುಟ್ಟಿಗೆ ಸಿಗಲಿಲ್ಲ, ಮತ್ತೆ ಪ್ರಯತ್ನ. ಸಿಕ್ಕಿತು. ದಾರಿಯಲ್ಲಿ ನಿಲ್ಲಿಸಿದ್ದ ಟ್ರಾಲಿ ಸರಿಸಿದರು. ಬುಟ್ಟಿ ಟ್ಯಾಂಕಿಗೆ ಇಳಿಯುವಾಗ 1 ನಿಮಿಷ 50 ಸೆಕೆಂಡ್. ತೆಳು ರೆಕ್ಕೆಗಳು ಕಿತ್ತಳೆಯಿಂದ ಮಾಸಲು ಕೆಂಪಿಗೆ ತಿರುಗಿದ್ದು ಕಣ್ಣಿಗೇ ಕಾಣುತ್ತಿತ್ತು. ಆಮೇಲೆ ಟ್ಯಾಂಕಿನ ನೀರಿಗೆ ಕೈ ಅದ್ದಲು ಹೋದೆ. ಆಗಲಿಲ್ಲ. ಅದು ಆ ದಿನದ ಮೂರನೇ ಬುಟ್ಟಿ, ನೀರು ಕಾದು ಹಬೆಯಾಡುತ್ತಿತ್ತು.

ಹಾಗಾದರೆ ತಡವಾಗಿದ್ದಕ್ಕೆ ರೆಕ್ಕೆ ಹಾಳಾಗಬೇಕಿತ್ತಲ್ವಾ, ಹಬ್ ಯಾಕೆ? ಇದೇ ಪ್ರಶ್ನೆ ನನ್ನನ್ನೂ ಕಾಡಿತು. ರೆಕ್ಕೆ ತೆಳು. ಬಿಸಿ ನೀರಿಗೆ ಬಿದ್ದರೂ ಅಪಾಯದ ವಲಯವನ್ನು ಕ್ಷಣದಲ್ಲಿ ದಾಟಿತು. ಹಬ್ ದಪ್ಪ, ಇಂಪೆಲ್ಲರುಗಳನ್ನು ಬುಟ್ಟಿಯಲ್ಲಿ ಇಡ್ಲಿ ತಟ್ಟೆ ಹಾಗೆ ಒಂದರ ಮೇಲೊಂದು ಪೇರಿಸಿದ್ದೆವು. ಹಬ್‌ಗೆ ಹಬ್ ತಾಗಿ ನಡುವೆ ಹಬೆ ಸಿಕ್ಕಿಕೊಂಡು ನೀರೇ ಹೋಗಿರಲಿಲ್ಲ. ಅದು ಅಪಾಯದ ವಲಯದಲ್ಲಿ ಸಾವಕಾಶವಾಗಿ ಕೂತು ಎದ್ದು ಬಂದಿತ್ತು.

ಖಚಿತ ಮಾಡಿಕೊಳ್ಳಲು ಹಬ್ ಕತ್ತರಿಸಿ, ಕನ್ನಡಿ ಪಾಲಿಶ್ ಮಾಡಿ, ಪರಿಚಯದವರ ಲ್ಯಾಬಿನಲ್ಲಿ ಆಕ್ಸಾಲಿಕ್ ಆಸಿಡ್ ಪರೀಕ್ಷೆ ಮಾಡಿಸಿದೆವು. ಹತ್ತು ಶೇಕಡ ದ್ರಾವಣದಲ್ಲಿ ಒಂದೂವರೆ ನಿಮಿಷ ಕರೆಂಟ್ ಹರಿಸಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಒಳ್ಳೆ ಸ್ಟೀಲಿನಲ್ಲಿ ಕಣಗಳ ನಡುವೆ ಮೆಟ್ಟಿಲಿನ ಹಾಗೆ ಏರಿಳಿತ ಮಾತ್ರ ಇರುತ್ತದೆ. ನಮ್ಮ ತುಂಡಿನಲ್ಲಿ ಪ್ರತಿ ಕಣದ ಸುತ್ತ ಕಪ್ಪು ಕಾಲುವೆ, ಅಡಿಕೆ ತೋಟದ ಬಸಿಗಾಲುವೆಯನ್ನು ಗುಡ್ಡದ ಮೇಲಿಂದ ನೋಡಿದ ಹಾಗೆ. ರೆಕ್ಕೆಯ ತುಂಡಿನಲ್ಲಿ ಕಾಲುವೆ ಇರಲಿಲ್ಲ.

ಈಗ ಹಾಯ್ಸ್ಟಿನ ಕೊಕ್ಕೆ ಮೊದಲೇ ಬುಟ್ಟಿಗೆ ಸಿಕ್ಕಿಸಿರುತ್ತೇವೆ. ಬಾಗಿಲು ತೆರೆದು ಅರ್ಧ ನಿಮಿಷದೊಳಗೆ ಮಾಲು ನೀರಿನಲ್ಲಿರಬೇಕು. ಟ್ಯಾಂಕಿಗೆ ಪಂಪು ಹಾಕಿ ನೀರು ಸುತ್ತಿಸುತ್ತೇವೆ. ಎರಕಗಳ ನಡುವೆ ಕೈ ಹೋಗುವಷ್ಟು ಜಾಗ. ಖರ್ಚು ಒಂದು ಸಣ್ಣ ಪಂಪಿನದು ಮಾತ್ರ.

ಇದೇ ಜಾತಿಯ ಇನ್ನೆರಡು ಕಳ್ಳರನ್ನು ಬೇಗ ಹೇಳಿಬಿಡುತ್ತೇನೆ. ಅನೀಲಿಂಗ್ ಆದ ಮೇಲೆ ತೂತು ಕಂಡು ವೆಲ್ಡ್ ಹಾಕಿ ಮುಚ್ಚಿ ಹಾಗೇ ಕಳಿಸುವುದು ಒಂದು. ವೆಲ್ಡಿನ ಪಕ್ಕ ಮತ್ತೆ ಅದೇ ಕಾರ್ಬೈಡ್. ಒಂದೋ ಮತ್ತೆ ಅನೀಲ್ ಮಾಡಿ, ಇಲ್ಲಾ ಇಂಗಾಲ 0.03ಕ್ಕಿಂತ ಕಡಿಮೆ ಇರುವ ಸಿಎಫ್3ಎಂ ಹೊಯ್ಯಿರಿ. ಇನ್ನೊಂದು ಅಚ್ಚಿಗೆ ಬಳಸುವ, ಅಂಟು ಬೆರೆಸಿದ ರೆಸಿನ್ ಮರಳು. ಅಂಟಿನ ಇಂಗಾಲ ಎರಕದ ಚರ್ಮಕ್ಕೆ ಇಳಿಯಬಹುದು. ಸ್ಪೆಕ್ಟ್ರೋ ಸ್ಯಾಂಪಲ್ ಲ್ಯಾಡಲಿನಿಂದ (ಕರಗಿದ ಲೋಹ ಹೊಯ್ಯುವ ಪಾತ್ರೆಯಿಂದ) ಬೇರೆ ತೆಗೆದದ್ದು, ಅದಕ್ಕೆ ಈ ಚರ್ಮದ ವಿಷಯ ಗೊತ್ತೇ ಇರಲ್ಲ. ಅನುಮಾನ ಬಂದರೆ ಎರಕದ ಮೈಯನ್ನೇ ಸ್ಪಾರ್ಕ್ ಮಾಡಿಸಿ, ಆಮೇಲೆ ಒಂದು ಮಿಲಿಮೀಟರ್ ಉಜ್ಜಿ ಮತ್ತೆ ಮಾಡಿಸಿ.

ಪಕ್ಕದವರನ್ನೂ ವಿಚಾರಿಸಿ

ಸಮುದ್ರದ ನೀರಿನಲ್ಲಿ ಎರಡು ಲೋಹ ತಾಗಿದರೆ ಬ್ಯಾಟರಿ ಆಯಿತು. ಸತು ಎಲ್ಲರಿಗಿಂತ ಮೊದಲು ಕರಗುತ್ತದೆ, ಆಮೇಲೆ ಕಬ್ಬಿಣ, ಆಮೇಲೆ ತಾಮ್ರದ ಕುಟುಂಬ. ಸ್ಟೇನ್‌ಲೆಸ್ ಸುಖವಾಗಿರುತ್ತದೆ, ಗ್ರಾಫೈಟ್ ಅದಕ್ಕಿಂತ ಸುಖವಾಗಿ. ಗ್ರಾಫೈಟ್ ಹೆಸರು ಯಾಕೆ ಅಂದರೆ, ಶಾಫ್ಟ್ ಪಂಪಿನಿಂದ ಹೊರಬರುವ ಗ್ಲ್ಯಾಂಡಿಗೆ ಗ್ರಾಫೈಟ್ ಪ್ಯಾಕಿಂಗ್ ತುರುಕಿ "ಶಾಫ್ಟ್ ತಿಂದುಹೋಯ್ತು" ಅನ್ನುವವರು ಬಹಳ ಜನ. ಪ್ಯಾಕಿಂಗ್ ತೆಗೆದು ನೋಡಿ, ಗುಂಡಿಗಳು ಅದರ ಅಗಲಕ್ಕೆ ಸರಿಯಾಗಿ ಉಂಗುರದ ಹಾಗೆ ಇರುತ್ತವೆ.

ಅಳತೆಯೂ ಮುಖ್ಯ. ದೊಡ್ಡ ಕಬ್ಬಿಣದ ತಗಡಿಗೆ ಸಣ್ಣ ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ನಡೆಯುತ್ತದೆ. ದೊಡ್ಡ ಸ್ಟೇನ್‌ಲೆಸ್ ತಗಡಿಗೆ ಸಣ್ಣ ಕಬ್ಬಿಣದ ಬೋಲ್ಟ್ ಹಾಕಿದರೆ ಆ ಬೋಲ್ಟಿನ ಮೇಲೆ ಇಡೀ ಊರಿನ ಸಾಲ ಬಿದ್ದ ಹಾಗೆ.

ಕಬ್ಬಿಣದ ಬದಲು ತಾನು ಕರಗಲಿ ಅಂತ ಬೋಟಿಗೆ ಕಟ್ಟಿದ ಸತುವಿನ ತುಂಡು ಸವೆಯದೆ ಹೊಸದರ ಹಾಗೇ ಇದ್ದರೆ ಖುಷಿಪಡಬೇಡಿ, ಅದು ಕೆಲಸವನ್ನೇ ಮಾಡಿಲ್ಲ. ಮೇಲೆ ಬಣ್ಣ ಬಳಿದಿದ್ದಾರಾ ನೋಡಿ. ಬೋಲ್ಟಿನ ಸಂಪರ್ಕವನ್ನು ಮಲ್ಟಿಮೀಟರಿನಲ್ಲಿ ನೋಡಿ. ಎರಡೂ ಸರಿ ಇದ್ದರೆ ಸತುವನ್ನೇ ಅನುಮಾನಿಸಿ. ಅದರಲ್ಲಿ ಕಬ್ಬಿಣ 0.005 ಶೇಕಡಕ್ಕಿಂತ ಜಾಸ್ತಿಯಾದರೆ ಮೈಮೇಲೆ ಪೊರೆ ಕಟ್ಟಿ ಸುಮ್ಮನಾಗುತ್ತದೆ. ಗುಜರಿ ಸತು ಕರಗಿಸಿ ಕಬ್ಬಿಣದ ಬಾಣಲೆಯಲ್ಲಿ ಮಾಡಿದ ಅಗ್ಗದ ತುಂಡುಗಳ ಪಾಡು ಇದೇ. ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್ ಒಂದಿದ್ದರೆ ನೀರಿಗೆ ಬಿಟ್ಟು ಅಳೆಯಿರಿ. ಕಬ್ಬಿಣದ ಹಲ್ ಮೈನಸ್ 800 ಮಿಲಿವೋಲ್ಟ್ ಅಥವಾ ಅದಕ್ಕಿಂತ ಕೆಳಗಿದ್ದರೆ ಕಾವಲು ಸರಿಯಾಗಿದೆ.

ಹಿತ್ತಾಳೆ ಗುಲಾಬಿಯಾದರೆ

ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೊಂಬು ಒಂದು ಗಳಿಗೆ ಗುಲಾಬಿಯಾಗಿ ಕಾಣುತ್ತದಲ್ಲ, ಸಮುದ್ರದಿಂದ ಬಂದ ಹಿತ್ತಾಳೆ ಭಾಗದಲ್ಲಿ ಆ ಬಣ್ಣ ಕಂಡರೆ ಅರದಿಂದ ಉಜ್ಜಿ ನೋಡಿ. ಕೆಳಗೆ ಹಳದಿ ಬಂದರೆ ಸರಿ. ಆಳಕ್ಕೂ ಗುಲಾಬಿಯೇ ಇದ್ದರೆ ಸತು ಕರಗಿಹೋಗಿ ತಾಮ್ರದ ಸ್ಪಂಜು ಉಳಿದಿದೆ. ಆಕಾರ ಹಾಗೇ ಇರುತ್ತದೆ, ಬಲ ಇರಲ್ಲ. ಪ್ರೊಪೆಲ್ಲರಿಗೆ ಬಳಸುವ "ಮ್ಯಾಂಗನೀಸ್ ಬ್ರಾಂಜ್" ಹೆಸರಿಗೆ ಕಂಚು, ಒಳಗೆ ಸತು 40 ಶೇಕಡದ ಹತ್ತಿರ. ಅದೂ ಹಿತ್ತಾಳೆಯೇ. ನಿಕ್ಕಲ್ ಅಲ್ಯೂಮಿನಿಯಂ ಬ್ರಾಂಜ್ ತಂದರೆ ಈ ಕಾಟ ಬಹಳ ಕಡಿಮೆ. ಅದರಲ್ಲಿ ಅಲ್ಯೂಮಿನಿಯಂ 9 ಶೇಕಡ, ನಿಕ್ಕಲ್ ಮತ್ತು ಕಬ್ಬಿಣ ತಲಾ ನಾಲ್ಕೈದು ಶೇಕಡ, ಉಳಿದದ್ದು ತಾಮ್ರ.

ಬೀಡಿಗೂ ಇಂಥದ್ದೇ ಒಂದು ಕಾಯಿಲೆ ಇದೆ. ಕಬ್ಬಿಣ ಹೋಗಿ ಗ್ರಾಫೈಟ್ ಉಳಿಯುತ್ತದೆ. ಚಾಕುವಿನಿಂದ ಕೆರೆದರೆ ಪೆನ್ಸಿಲ್ ಸೀಸದ ಹಾಗೆ ಬರುತ್ತದೆ.

ಅಗ್ಗದ ಲೋಹ ಮಾಡಲು ಹೋಗಿ

2022ರ ಮಾರ್ಚ್‌ನಲ್ಲಿ ಲಂಡನ್ ಮೆಟಲ್ ಎಕ್ಸ್‌ಚೇಂಜಿನಲ್ಲಿ ನಿಕ್ಕಲ್ ಬೆಲೆ ಟನ್ನಿಗೆ 1 ಲಕ್ಷ ಡಾಲರ್ ದಾಟಿ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. ಸಿಎಫ್8ಎಂನಲ್ಲಿ ನಿಕ್ಕಲ್ 9ರಿಂದ 12 ಶೇಕಡ. ಆಗಲೇ ನಾವು ಡ್ಯೂಪ್ಲೆಕ್ಸ್ ಕಡೆ ನೋಡಿದ್ದು. ಕ್ರೋಮಿಯಂ 22, ಮಾಲಿಬ್ಡಿನಂ 3, ನಿಕ್ಕಲ್ ಬರೀ 5 ಶೇಕಡ. ಜೊತೆಗೆ 0.17ರಷ್ಟು ಸಾರಜನಕ. ಇಷ್ಟೇ ಇಷ್ಟು ಸಾರಜನಕಕ್ಕೆ ಪಿಆರ್‌ಇ ಲೆಕ್ಕದಲ್ಲಿ 2.7 ಅಂಕ. ಗಾಳಿಯಲ್ಲಿರುವ ಪದಾರ್ಥ ನಿಕ್ಕಲ್ಲಿನ ಜಾಗ ತುಂಬುತ್ತದೆ ಅಂದರೆ ಯಾವ ಫೌಂಡ್ರಿಯವನಿಗೆ ಆಸೆಯಾಗಲ್ಲ? ಬಲವೂ 316ರ ಸುಮಾರು ಎರಡರಷ್ಟು, ಹಾಗಾಗಿ ಗೋಡೆ ತೆಳುವಾಗಿಸಬಹುದು.

ಮೊದಲ ಹೀಟಿನ, ಅಂದರೆ ಕುಲುಮೆಯಲ್ಲಿ ಒಂದು ಸಲ ಕರಗಿಸಿದ ಲೋಹದ, ಇಂಪೆಲ್ಲರ್ ಮೇಜಿನಿಂದ ಜಾರಿ ಕಾಂಕ್ರೀಟಿಗೆ ಬಿತ್ತು. ಸೊಂಟದಷ್ಟು ಎತ್ತರ. ಮಣ್ಣಿನ ಗಡಿಗೆ ಒಡೆದ ಹಾಗೆ ಮೂರು ಚೂರು. ಶೆಡ್ಡಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಕಾರಣ ಸಿಗ್ಮಾ ಅನ್ನುವ ಪೆಡಸು ಹಂತ. ಡ್ಯೂಪ್ಲೆಕ್ಸ್ 1000ದಿಂದ 600 ಡಿಗ್ರಿ ನಡುವೆ ಕಾಲಹರಣ ಮಾಡಿದರೆ ಅದು ಹುಟ್ಟುತ್ತದೆ, 850ರ ಸುತ್ತ ಕೆಲವೇ ನಿಮಿಷ ಸಾಕು. ಅದು ಕ್ರೋಮಿಯಂ, ಮಾಲಿಬ್ಡಿನಂ ಎರಡನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಒಡೆಯುವುದರ ಜೊತೆ ತುಕ್ಕು ತಡೆಯುವ ತಾಕತ್ತೂ ಹೋಗುತ್ತದೆ. ಈ ಸ್ಟೀಲಿಗೆ 1120 ಡಿಗ್ರಿಯಾದರೂ ಬೇಕು, ನೀರಂತೂ ಇನ್ನೂ ಬೇಗ ಸಿಗಬೇಕು. ಸಿಎಫ್8ಎಂ ನಮ್ಮ ಸೋಮಾರಿತನವನ್ನು ಐದು ತಿಂಗಳ ಮೇಲೆ ಹೇಳಿತು. ಡ್ಯೂಪ್ಲೆಕ್ಸ್ ಅದೇ ದಿನ ಹೇಳಿತು, ಒಂಥರಾ ಉಪಕಾರವೇ.

ಎರಡನೇ ತಲೆನೋವು ಇಂಗಾಲ. ಇಂಡಕ್ಷನ್ ಕುಲುಮೆಯಲ್ಲಿ ಇಂಗಾಲ ತೆಗೆಯಲು ಆಗಲ್ಲ, ಹಾಕಿದ್ದೇ ಹೊರಗೆ ಬರುತ್ತದೆ. 0.03 ಬೇಕಾದರೆ ಕಡಿಮೆ ಇಂಗಾಲದ ಫೆರೋಕ್ರೋಮ್ ಬೇಕು, ಎಣ್ಣೆ ಇಲ್ಲದ ಗುಜರಿ ಬೇಕು. ಲೇತಿನ ಚಿಪ್ಸ್ ಅಗ್ಗ ಅಂತ ತಂದರೆ ಕಟಿಂಗ್ ಆಯಿಲ್ಲಿನ ಇಂಗಾಲವೂ ಗಂಧಕವೂ ಜೊತೆಗೆ ಬರುತ್ತವೆ. ಗಂಧಕ ಮ್ಯಾಂಗನೀಸ್ ಜೊತೆ ಸೇರಿ ಸಣ್ಣ ಕಣವಾಗಿ ಕೂತರೆ ಗುಂಡಿ ಶುರುವಾಗಲು ಅಷ್ಟೇ ಸಾಕು. ಸಾರಜನಕವನ್ನು ನೈಟ್ರೈಡೆಡ್ ಫೆರೋಕ್ರೋಮ್ ರೂಪದಲ್ಲಿ ಕೊನೆಗೆ ಹಾಕುತ್ತೇವೆ. ಆಸೆಪಟ್ಟು ಜಾಸ್ತಿ ಹಾಕಿದ ಒಂದು ಹೀಟು ನೀರು ದೋಸೆಯ ಹಾಗೆ ಮೈತುಂಬ ಕಣ್ಣು ಬಿಟ್ಟುಕೊಂಡು ಬಂತು.

ಡ್ಯೂಪ್ಲೆಕ್ಸೂ ಅಮೃತವಲ್ಲ. ಅಂಕ 35, 40 ಅಲ್ಲ. ಬಿಗಿ ಸಂದಿಯಲ್ಲಿ ಬೆಚ್ಚಗಿನ ನೀರು ನಿಂತರೆ ಅದೂ ಸೋಲಬಹುದು. ಆದ್ದರಿಂದ ಯಾವ ಬೋಟು ಬಂದರೂ ಮೊದಲು ಹೇಳುವುದು ಖರ್ಚಿಲ್ಲದ ಮಾತು: ಮೇ ಕೊನೆಯಲ್ಲಿ ಪಂಪು ಬಸಿದು ಸಿಹಿನೀರಿನಲ್ಲಿ ತೊಳೆದು ಒಣಗಿಸಿಡಿ. ಭಾರವಾದರೂ ಪರವಾಗಿಲ್ಲ ಅನ್ನುವ ಪಂಪಿನ ಕೇಸಿಂಗಿಗೆ ನಿಕ್ಕಲ್ ಬೆರೆಸಿದ ನಿ-ರೆಸಿಸ್ಟ್ ಬೀಡು ಹೊಯ್ಯುತ್ತೇವೆ. ಅದರ ಒಂದು ಬಗೆಯಲ್ಲಿ ನಿಕ್ಕಲ್ 18ರಿಂದ 22 ಶೇಕಡ ಇರುವುದರಿಂದ ಅಗ್ಗ ಅನ್ನಲಾರೆ, ಆದರೆ ಮೆಷಿನಿಂಗ್ ಸುಲಭ, ಎರಕ ತೂತಾಗಿ ತಿರಸ್ಕಾರ ಆಗುವುದು ಕಡಿಮೆ.

ತುಂಗೆಯ ನೀರಲ್ಲಿ ಪರೀಕ್ಷೆ ಬೇಡ

"ಗಂಗಾ ಸ್ನಾನ, ತುಂಗಾ ಪಾನ" ಅನ್ನುತ್ತಾರೆ. ಕುಡಿಯಲು ಅಷ್ಟು ಒಳ್ಳೆಯ ನೀರಿನಲ್ಲಿ ಸ್ಟೀಲಿನ ಪರೀಕ್ಷೆ ಮಾಡಿದರೆ ಎಲ್ಲ ಸ್ಟೀಲೂ ಪಾಸು. ನಾವು ಮೊದಲು ಮಾಡಿದ್ದು ಅದೇ, ನಲ್ಲಿ ನೀರಿಗೆ ಅಡುಗೆ ಉಪ್ಪು ಕಲಸಿ ಇಟ್ಟಿದ್ದು. ಸಾಲ್ಟ್ ಸ್ಪ್ರೇ ಪೆಟ್ಟಿಗೆಯಲ್ಲಿ ಐದು ಶೇಕಡ ಉಪ್ಪು, 35 ಡಿಗ್ರಿ. ಎರಡು ಹೀಟುಗಳ ಪಾಲಿಶ್ ಹೋಲಿಸಲು ಅದು ಸರಿ. ಸಮುದ್ರದಲ್ಲಿ ಎಷ್ಟು ವರ್ಷ ಬಾಳುತ್ತದೆ ಅಂತ ಅದು ಹೇಳಲಾರದು.

ಈಗ ಬಸ್ಸಿನವರ ಕೈಯಲ್ಲಿ ಮಲ್ಪೆಯಿಂದ ಕ್ಯಾನು ತರಿಸುತ್ತೇವೆ. ಪ್ರತಿ ಹೀಟಿನ ಒಂದು ತುಂಡಿಗೆ ಬಿಗಿಯಾಗಿ ಎರಡು ರಬ್ಬರ್ ಬ್ಯಾಂಡ್ ಸುತ್ತಿ, ಬಕೆಟ್ಟಿನ ಸಮುದ್ರದ ನೀರಿಗೆ ಇಳಿಸಿ, ಮುಚ್ಚಳ ಹಾಕಿ 61 ದಿನ ಮುಟ್ಟುವುದಿಲ್ಲ. ರಬ್ಬರಿನ ಅಡಿಯೇ ಸಂದಿ, ದಿನದ ಲೆಕ್ಕ ನಿಷೇಧದ್ದು. ಬಕೆಟ್ಟಿನ ನೀರು ಬಂದರಿನ ನೀರಿನಷ್ಟು ಕ್ರೂರಿಯಲ್ಲ, ಆದರೂ ತುಂಗೆಗಿಂತ ಸಾವಿರ ಪಾಲು ಪ್ರಾಮಾಣಿಕ.

ಕಳೆದ ಸಲದ ಬಕೆಟ್ಟಿನಲ್ಲಿ ನಾಲ್ಕು ತುಂಡು ಇದ್ದವು. ಹಳೇ ರೀತಿ ತಣಿಸಿದ ಸಿಎಫ್8ಎಂನಲ್ಲಿ ರಬ್ಬರಿನ ಅಡಿ ಉಗುರು ಸಿಕ್ಕುವಷ್ಟು ಆಳದ ಗೆರೆ. ಅರ್ಧ ನಿಮಿಷದಲ್ಲಿ ನೀರಿಗೆ ಬಿದ್ದ ಸಿಎಫ್8ಎಂಗೆ ಬರೀ ಮಬ್ಬು. ಬುಟ್ಟಿಯ ಅಂಚಿನಲ್ಲಿದ್ದ ಡ್ಯೂಪ್ಲೆಕ್ಸ್ ಹೊಸದರ ಹಾಗೇ. ಬುಟ್ಟಿಯ ನಡುವೆ ಇದ್ದ ಡ್ಯೂಪ್ಲೆಕ್ಸಿಗೆ ಮಾತ್ರ ಕೂದಲೆಳೆಯಷ್ಟು ಕಂದು ಗೆರೆ. ಅಂದಿನಿಂದ ಬುಟ್ಟಿಗೆ ಆರು ಇಡುವ ಕಡೆ ನಾಲ್ಕೇ ಇಡುತ್ತಿದ್ದೇವೆ.